ನಲುವತ್ತರಲ್ಲಿ ಸರ್ಟಿಫಿಕೇಟ್ ಕೋರ್ಸ್: ಕಾಸರಗೋಡಿನ ಕನ್ನಡಿಗರಿಗೆ ನಿಜವಾಗಿ ಏನೇನು ಬೇಕು?

ಆರು ತಿಂಗಳ ಕೋರ್ಸ್. ಅರ್ಹತೆ ಹತ್ತನೇ ತರಗತಿ ಅಥವಾ ಪ್ಲಸ್ ಟು. ವಯಸ್ಸಿಗೆ ಮೇಲ್ಮಿತಿ ಇಲ್ಲ, ಕೆಲಸ ಬಿಡಬೇಕಾಗಿಲ್ಲ. ವಿಶ್ವವಿದ್ಯಾಲಯಗಳ ಪ್ರಕಟಣೆಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಬದಿಯಡ್ಕದ ಒಬ್ಬ ಅಂಗನವಾಡಿ ಸಹಾಯಕಿ, ಪೈವಳಿಕೆಯ ಒಬ್ಬ ಅಡಿಕೆ ಕೃಷಿಕ, ಉಪ್ಪಳದಿಂದ ದಿನಾ ರೈಲು ಹತ್ತಿ ಮಂಗಳೂರಿನ ಅಂಗಡಿಗೆ ಕೆಲಸಕ್ಕೆ ಹೋಗುವ ಒಬ್ಬರು ಇದನ್ನು ಓದಿದರೆ, "ಇದು ನನಗೂ ಆಗುತ್ತದೆ ಅಲ್ವಾ?" ಅಂದುಕೊಳ್ಳುವುದು ಸಹಜ. ಆಗಲೇಬೇಕು ಎಂಬುದು ನನ್ನ ಆಸೆ ಕೂಡ. ಓದು ನಿಲ್ಲಿಸಿದವರಿಗೆ ಮತ್ತೆ ಓದುವ ಹಕ್ಕು ಇದೆ.

ಆದರೆ ಅರ್ಜಿ ತುಂಬಲು ಕೂತ ಮೇಲೆ ಬೇರೆ ವಿಷಯಗಳು ಎದ್ದು ಬರುತ್ತವೆ. ಪ್ರಕಟಣೆಯಲ್ಲಿ ಬರೆದ ಅರ್ಹತೆ ಚಿಕ್ಕದು. ಬರೆಯದೆ ಬಿಟ್ಟದ್ದು ದೊಡ್ಡದು. ಕಾಗದಪತ್ರ, ಸಮಯ, ಭಾಷೆ ಈ ಮೂರರಲ್ಲೇ ನಮ್ಮ ಜನ ಹೆಚ್ಚು ಸಿಕ್ಕಿಬೀಳುತ್ತಾರೆ. ಮೊದಲ ಎರಡನ್ನು ಕಷ್ಟಪಟ್ಟಾದರೂ ನಾವೇ ಸರಿಮಾಡಿಕೊಳ್ಳಬಹುದು. ಮೂರನೆಯದನ್ನು ವಿಶ್ವವಿದ್ಯಾಲಯಗಳೇ ಸರಿಮಾಡಬೇಕು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸರ್ಟಿಫಿಕೇಟ್ ಕೋರ್ಸ್ ಅಂತ ಕರೆಯುವುದೆಲ್ಲ ಒಂದೇ ಅಲ್ಲ. ಕಾಲೇಜುಗಳ ಸೂಚನಾ ಫಲಕದಲ್ಲಿ ಕಾಣುವ ಎಷ್ಟೋ ಸರ್ಟಿಫಿಕೇಟ್ ಕೋರ್ಸ್‌ಗಳು ಆ ಕಾಲೇಜಿನ ವಿದ್ಯಾರ್ಥಿಗಳಿಗೆ ಮಾತ್ರ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಕನಿಷ್ಠ 30 ಗಂಟೆಯ ಇಂಥ ಕೋರ್ಸ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಕಾಲೇಜುಗಳು ಪದವಿಯ ಜೊತೆಗೆ ಅವನ್ನು ನಡೆಸುತ್ತವೆ. ಹೊರಗಿನವರು ಹೋಗಿ ಕೇಳಿದರೆ ಇಲ್ಲ ಅನ್ನುತ್ತಾರೆ. ಅದು ಯಾರ ತಪ್ಪೂ ಅಲ್ಲ, ಆ ಕೋರ್ಸ್ ಇರುವುದೇ ಬೇರೆ ಕೆಲಸಕ್ಕೆ. ಇನ್ನು ಕೆಲವು ಕಡೆ ಎರಡು ದಿನದ ಶಿಬಿರಕ್ಕೂ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಅದು ಭಾಗವಹಿಸಿದ್ದಕ್ಕೆ ಸಾಕ್ಷಿ ಅಷ್ಟೇ.

ನಾನು ಇಲ್ಲಿ ಹೇಳುತ್ತಿರುವುದು ಮೂರನೇ ಬಗೆಯದ್ದು. ವಿಶ್ವವಿದ್ಯಾಲಯವೇ ಪಠ್ಯ ಕೊಟ್ಟು, ಪರೀಕ್ಷೆ ನಡೆಸಿ, ಕ್ರೆಡಿಟ್ (ಕಲಿಕೆಯ ಗಂಟೆಗಳ ಅಳತೆ) ಲೆಕ್ಕ ಹಾಕಿ ಕೊಡುವ ಸರ್ಟಿಫಿಕೇಟ್. ಇದಕ್ಕೆ ತೂಕ ಇದೆ. ಸೇರುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಈ ಕೋರ್ಸ್‌ಗೆ ಎಷ್ಟು ಕ್ರೆಡಿಟ್, ಆ ಕ್ರೆಡಿಟ್ ನನ್ನ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಗೆ ಬರುತ್ತದೆಯೇ? ಕ್ರೆಡಿಟ್ ಜಮಾ ಮಾಡಿಡುವ ಈ ವ್ಯವಸ್ಥೆಯನ್ನು 2021ರಲ್ಲಿ ತಂದದ್ದು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ. ಅದರಲ್ಲಿ ಸೇರಿದ ಕ್ರೆಡಿಟ್ ಸಾಮಾನ್ಯವಾಗಿ 7 ವರ್ಷದ ತನಕ ಉಳಿಯುತ್ತದೆ. ಇವತ್ತು ಸರ್ಟಿಫಿಕೇಟ್ ಮಾಡಿದವರು ನಾಲ್ಕು ವರ್ಷ ಬಿಟ್ಟು ಡಿಪ್ಲೊಮಾಕ್ಕೋ ಪದವಿಗೋ ಹೋದರೆ, ಅಲ್ಲಿನ ನಿಯಮ ಒಪ್ಪಿದರೆ ಹಳೆಯದು ಉಪಯೋಗಕ್ಕೆ ಬರಬಹುದು. ವಯಸ್ಸಾದ ಮೇಲೆ ಕಲಿಯುವವರಿಗೆ ಇದು ಸಣ್ಣ ವಿಷಯವಲ್ಲ. ನಮ್ಮ ಓದು ಯಾವಾಗಲೂ ತುಂಡು ತುಂಡಾಗಿಯೇ ನಡೆಯುವುದು.

ಆರು ತಿಂಗಳು ಅಂದರೆ ಎಷ್ಟು ಗಂಟೆ?

ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಕಲಿಕೆ. ಕೇಂದ್ರದ ಮುಕ್ತ ವಿಶ್ವವಿದ್ಯಾಲಯವಾದ ಇಗ್ನೊ ಕೂಡ ಮೊದಲಿನಿಂದಲೂ ಇದೇ ಲೆಕ್ಕ ಇಟ್ಟುಕೊಂಡಿದೆ. ಪಾಠ ಕೇಳುವುದು, ಪುಸ್ತಕ ಓದುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲ ಸೇರಿ 30 ಗಂಟೆ. ಈಗ 16 ಕ್ರೆಡಿಟ್‌ನ ಒಂದು ಸರ್ಟಿಫಿಕೇಟ್ ತೆಗೆದುಕೊಳ್ಳಿ. ಒಟ್ಟು 480 ಗಂಟೆ. ಆರು ತಿಂಗಳು ಅಂದರೆ 26 ವಾರ. ವಾರಕ್ಕೆ 18 ಗಂಟೆಗೂ ಜಾಸ್ತಿ ಆಯಿತು. ಭಾನುವಾರವೂ ಸೇರಿ ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು.

ಬೆಳಿಗ್ಗೆ ಎದ್ದು ಹಟ್ಟಿ ಕೆಲಸ, ಅಡುಗೆ, ಮಕ್ಕಳ ಶಾಲೆ, ಆಮೇಲೆ ಹೊರಗಿನ ಕೆಲಸ ಮುಗಿಸಿ ಬರುವ ಹೆಂಗಸಿಗೆ ಈ ಎರಡೂವರೆ ಗಂಟೆ ಎಲ್ಲಿಂದ ಬರಬೇಕು? ಮನೆಯಲ್ಲಿ ಕೂತು ಬೀಡಿ ಕಟ್ಟುವವರ ಕಷ್ಟ ಇನ್ನೂ ಬೇರೆ. ಅವರಿಗೆ ಕೂಲಿ ಸಿಗುವುದು ಕಟ್ಟಿದ ಬೀಡಿಯ ಲೆಕ್ಕದಲ್ಲಿ. ಓದಿಗೆ ಕೊಟ್ಟ ಪ್ರತಿ ಗಂಟೆಯೂ ಕೂಲಿಯಿಂದಲೇ ಹೋಗುತ್ತದೆ. ಕೋರ್ಸಿನ ಶುಲ್ಕ ಕಡಿಮೆ ಅಂತ ಹೇಳುವವರು ಈ ಖರ್ಚನ್ನು ಲೆಕ್ಕ ಹಾಕುವುದೇ ಇಲ್ಲ. ನನ್ನ ಪ್ರಕಾರ ಅದೇ ಕೋರ್ಸಿನ ನಿಜವಾದ ಬೆಲೆ.

ಹಾಗಾಗಿ ಕನಿಷ್ಠ ಅವಧಿಗಿಂತ ಗರಿಷ್ಠ ಅವಧಿ ಎಷ್ಟು ಎಂಬುದನ್ನು ಮೊದಲು ನೋಡಬೇಕು. ಇಗ್ನೊದ ಆರು ತಿಂಗಳ ಸರ್ಟಿಫಿಕೇಟ್‌ಗಳನ್ನು ಸಾಮಾನ್ಯವಾಗಿ 2 ವರ್ಷದೊಳಗೆ ಮುಗಿಸಬಹುದು. ಅದೇ 480 ಗಂಟೆಯನ್ನು ಒಂದು ವರ್ಷಕ್ಕೆ ಹಂಚಿದರೆ ವಾರಕ್ಕೆ ಸುಮಾರು 9 ಗಂಟೆ, ಎರಡು ವರ್ಷಕ್ಕೆ ಹಂಚಿದರೆ 5 ಗಂಟೆಯೂ ಬೇಡ. ಶನಿವಾರ ಸಂಜೆ, ಭಾನುವಾರ ಮಧ್ಯಾಹ್ನ ಸಿಕ್ಕಿದರೆ ಸಾಕು. ಆರು ತಿಂಗಳಲ್ಲಿ ಮುಗಿಸಲೇಬೇಕು ಅಂತ ಹೊರಟು, ಎರಡನೇ ತಿಂಗಳಲ್ಲಿ ಹಿಂದೆ ಬಿದ್ದು, ನನ್ನಿಂದ ಆಗುವುದಿಲ್ಲ ಅಂತ ಕೈಬಿಟ್ಟವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಬುದ್ಧಿಗೆ ಏನೂ ಕಡಿಮೆ ಇರಲಿಲ್ಲ. ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ.

ಪರೀಕ್ಷೆ ಯಾವಾಗ ಎಂದೂ ನೋಡಿಕೊಳ್ಳಿ. ಇಗ್ನೊದಲ್ಲಿ ಪ್ರವೇಶ ಜನವರಿ ಮತ್ತು ಜುಲೈಯಲ್ಲಿ, ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಜೂನ್ ಅಂದರೆ ನಮ್ಮಲ್ಲಿ ಮಳೆಗಾಲ, ಮಕ್ಕಳ ಶಾಲೆ ಶುರು. ಡಿಸೆಂಬರ್ ಅಂದರೆ ಅಡಿಕೆ ಕೊಯ್ಲಿನ ಸಮಯ. ಕೃಷಿಕರ ಮನೆಯವರು ಇದನ್ನು ಮೊದಲೇ ಯೋಚಿಸಿ ಎಷ್ಟು ಪೇಪರ್ ಬರೆಯುವುದು ಅಂತ ತೀರ್ಮಾನಿಸುವುದು ಒಳ್ಳೆಯದು. ಎಲ್ಲವನ್ನೂ ಒಂದೇ ಸಲ ಬರೆಯಬೇಕಾಗಿಲ್ಲ.

ಕಾಗದಪತ್ರ: ಎರಡು ರಾಜ್ಯ, ಎರಡು ಹೆಸರು

ಕಾಸರಗೋಡಿನ ಕನ್ನಡ ಮನೆಗಳ ದಾಖಲೆಗಳನ್ನು ನೋಡಿದವರಿಗೆ ಇದು ಹೊಸತಲ್ಲ. ಪುತ್ತೂರಿನಲ್ಲೋ ಸುಳ್ಯದಲ್ಲೋ ಓದಿ, ಮದುವೆಯಾಗಿ ಮುಳ್ಳೇರಿಯಕ್ಕೆ ಬಂದ ಒಬ್ಬ ಹೆಂಗಸು ಇದ್ದಾರೆ ಅಂತಿಟ್ಟುಕೊಳ್ಳಿ. ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕರ್ನಾಟಕದ್ದು. ಅದರಲ್ಲಿ ಹೆಸರಿನ ಜೊತೆ ತಂದೆಯ ಮನೆಯ ಇನಿಶಿಯಲ್. ಆಧಾರ್ ಕೇರಳದ ವಿಳಾಸದ್ದು, ಅದರಲ್ಲಿ ಗಂಡನ ಹೆಸರು. ರೇಷನ್ ಕಾರ್ಡಿನಲ್ಲಿ ಮಲಯಾಳಂನಲ್ಲಿ ಬರೆದ ಹೆಸರು, ಅದರಲ್ಲಿ ಒಂದಕ್ಷರ ಬೇರೆ. ಮನುಷ್ಯಳು ಒಬ್ಬಳೇ. ಆದರೆ ಆನ್‌ಲೈನ್ ಅರ್ಜಿಗೆ ಅದು ಗೊತ್ತಾಗುವುದಿಲ್ಲ. ಹೆಸರು ಹೊಂದಲಿಲ್ಲ ಅಂತ ಅರ್ಜಿ ಅಲ್ಲಿಗೇ ನಿಂತುಬಿಡುತ್ತದೆ.

ಇದಕ್ಕೆ ಕೇರಳದಲ್ಲಿ ಒಂದು ದಾರಿ ಇದೆ. ಬೇರೆ ಬೇರೆ ದಾಖಲೆಗಳಲ್ಲಿ ಇರುವ ಹೆಸರುಗಳು ಒಬ್ಬರದ್ದೇ ಎಂದು ವಿಲೇಜ್ ಆಫೀಸರ್ ಒಂದು ಪ್ರಮಾಣಪತ್ರ ಕೊಡುತ್ತಾರೆ. 'ಒನ್ ಆಂಡ್ ದಿ ಸೇಮ್' ಸರ್ಟಿಫಿಕೇಟ್ ಅಂತಲೇ ಎಲ್ಲರೂ ಕರೆಯುವುದು. ಊರಿನ ಅಕ್ಷಯ ಸೇವಾ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಮೂಲಕ ಅರ್ಜಿ ಹಾಕಬಹುದು. ಪ್ರವೇಶದ ಕೊನೇ ದಿನ ಹತ್ತಿರ ಬಂದಾಗ ಇದಕ್ಕೆ ಓಡಬೇಡಿ. ಕೋರ್ಸ್ ಯಾವುದು ಅಂತ ತೀರ್ಮಾನ ಆಗುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಆದರೆ ಕರ್ನಾಟಕದ ವಿಶ್ವವಿದ್ಯಾಲಯಕ್ಕೆ ಸೇರುವುದಾದರೆ ಕೇರಳದ ಈ ಪತ್ರ ಅವರಿಗೆ ಸಾಕೇ, ಅಥವಾ ನೋಟರಿ ಅಫಿಡವಿಟ್ ಬೇಕೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಇನ್ನೊಂದು ತೊಡಕು ಟಿಸಿ, ಅಂದರೆ ವರ್ಗಾವಣೆ ಪತ್ರ. ಇಪ್ಪತ್ತು ವರ್ಷದ ಹಿಂದೆ ಕಾಲೇಜು ಬಿಟ್ಟವರ ಟಿಸಿ ಎಲ್ಲಿದೆಯೋ ಯಾರಿಗೆ ಗೊತ್ತು! ಕೆಲವರದ್ದು ಕಾಲೇಜಿನಲ್ಲೇ ಉಳಿದಿರುತ್ತದೆ, ಕೆಲವರದ್ದು ಮಳೆನೀರಿಗೆ ಹೋಗಿರುತ್ತದೆ. ಹಗಲಿನ ಪೂರ್ಣಾವಧಿ ಕೋರ್ಸ್‌ಗೆ ಟಿಸಿ ಕೇಳುವುದಕ್ಕೆ ಒಂದು ಅರ್ಥ ಇದೆ. ಒಬ್ಬರು ಎರಡು ಕಡೆ ಏಕಕಾಲಕ್ಕೆ ಸೇರಬಾರದು ಎಂಬ ಕಾಲದ ನಿಯಮ ಅದು. ಆದರೆ 2022ರಲ್ಲಿ ಯುಜಿಸಿಯೇ ಒಂದೇ ಸಮಯದಲ್ಲಿ ಎರಡು ಕೋರ್ಸ್ ಮಾಡಲು ಅವಕಾಶ ಕೊಟ್ಟಾಗಿದೆ. ಅದಾದ ಮೇಲೂ ವಾರಾಂತ್ಯದ ಸರ್ಟಿಫಿಕೇಟ್‌ಗೆ ನಲುವತ್ತೈದರ ಒಬ್ಬರ ಹತ್ತಿರ ಮೂಲ ಟಿಸಿ ಕೇಳುವುದರಲ್ಲಿ ನನಗೆ ಯಾವ ಅರ್ಥವೂ ಕಾಣುವುದಿಲ್ಲ. ಇಗ್ನೊ ಪ್ರವೇಶಕ್ಕೆ ಟಿಸಿ ಕೇಳುವುದಿಲ್ಲ, ಮೈಗ್ರೇಷನ್ ಸರ್ಟಿಫಿಕೇಟೂ ಬೇಡ. ಅಷ್ಟು ದೊಡ್ಡ ವಿಶ್ವವಿದ್ಯಾಲಯಕ್ಕೆ ಇಲ್ಲದೆ ನಡೆಯುವುದಾದರೆ ಉಳಿದವರಿಗೂ ನಡೆಯಬೇಕು.

ಮೂಲ ದಾಖಲೆಗಳ ಬಗ್ಗೆ ಒಂದು ಮಾತು ನೆನಪಿಟ್ಟುಕೊಳ್ಳಿ. 2018ರ ಯುಜಿಸಿ ಅಧಿಸೂಚನೆ ಪ್ರಕಾರ ಸಂಸ್ಥೆಗಳು ನಿಮ್ಮ ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ. ನೋಡಿ, ತಾಳೆ ಹಾಕಿ, ಕೂಡಲೇ ಹಿಂದಕ್ಕೆ ಕೊಡಬೇಕು. ಅದೇ ಅಧಿಸೂಚನೆಯಲ್ಲಿ ಶುಲ್ಕ ವಾಪಸಿನ ಲೆಕ್ಕವೂ ಇದೆ. ಪ್ರವೇಶದ ಕೊನೇ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ವಾಪಸ್, ಆಮೇಲೆ ಕೊನೇ ದಿನದೊಳಗೆ ಬಿಟ್ಟರೆ 90 ಶೇಕಡ, ಕೊನೇ ದಿನ ಕಳೆದು 15 ದಿನದೊಳಗೆ ಬಿಟ್ಟರೆ 80 ಶೇಕಡ, 30 ದಿನದೊಳಗಾದರೆ ಅರ್ಧ, ಆಮೇಲೆ ಇಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಕೋರ್ಸ್ ಬಿಡಬೇಕಾದಾಗ ಸುಮ್ನೆ ಕೂರಬೇಡಿ, ಆ ಸಂಸ್ಥೆಯ ಶುಲ್ಕ ವಾಪಸಿನ ನಿಯಮವನ್ನು ಕೇಳಿ.

ಹತ್ತನೇ ತರಗತಿಯೇ ಮುಗಿಸದವರು ಏನು ಮಾಡಬೇಕು? ಅವರಿಗೂ ದಾರಿ ಇದೆ, ಅದೂ ಮನೆಯ ಹತ್ತಿರವೇ. ಕೇರಳ ಸಾಕ್ಷರತಾ ಮಿಷನ್ ನಡೆಸುವ ತುಲ್ಯತಾ (ಶಾಲಾ ತರಗತಿಗೆ ಸಮಾನವಾದ) ಕೋರ್ಸ್‌ಗಳು 4, 7, 10ನೇ ತರಗತಿ ಮತ್ತು ಹೈಯರ್ ಸೆಕೆಂಡರಿ ಮಟ್ಟದಲ್ಲಿವೆ. ಏಳನೇ ತರಗತಿ ಆಗಿದ್ದು 17 ತುಂಬಿದವರು ಹತ್ತನೆಯದಕ್ಕೆ ಸೇರಬಹುದು. ಹೈಯರ್ ಸೆಕೆಂಡರಿಗೆ 22 ತುಂಬಿರಬೇಕು. ಹತ್ತನೇ ತುಲ್ಯತೆಯನ್ನು ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲೇ ಬರೆಯುವ ಅವಕಾಶ ಇದೆ ಎಂಬುದು ನನಗೆ ಬಹಳ ಸಂತೋಷದ ವಿಷಯ. ಪಂಚಾಯತ್ತಿನ ಸಾಕ್ಷರತಾ ಪ್ರೇರಕರನ್ನು ಕಂಡು ಮಾತಾಡಿದರೆ ಸಾಕು, ಅವರೇ ಮುಂದಿನದ್ದು ಹೇಳುತ್ತಾರೆ. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯ ಅಂತ ಘೋಷಣೆಯಾಯಿತು. ಆ ಚಳವಳಿಯಲ್ಲಿ ಅಕ್ಷರ ಕಲಿತ ಎಷ್ಟೋ ಮನೆಗಳ ಮುಂದಿನ ತಲೆಮಾರು ಇವತ್ತು ಈ ಕೋರ್ಸ್‌ಗಳ ಬಾಗಿಲಲ್ಲಿ ನಿಂತಿದೆ.

ಗಡಿಯಾಚೆಯ ವಿಶ್ವವಿದ್ಯಾಲಯ

ಕನ್ನಡದಲ್ಲಿ ಕಲಿಯಬೇಕು ಅಂದಕೂಡಲೇ ನಮ್ಮ ಕಣ್ಣು ಹೋಗುವುದು ಕರ್ನಾಟಕದ ಕಡೆಗೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಕಣ್ಣೂರು ಅದರ ಹತ್ತಿರ ಹತ್ತಿರ ಎರಡರಷ್ಟು ದೂರ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ. ಅದರ ಪ್ರಾದೇಶಿಕ ಕೇಂದ್ರ ಮಂಗಳೂರಿನಲ್ಲೂ ಇದೆ. ಹಾಗಿದ್ದರೆ ಮಂಜೇಶ್ವರದಲ್ಲೇ ಒಂದು ಕಲಿಕಾ ಕೇಂದ್ರ ಯಾಕಿಲ್ಲ ಅಂತ ಜನ ಕೇಳುತ್ತಾರೆ.

ಉತ್ತರ ಯುಜಿಸಿ ನಿಯಮದಲ್ಲಿದೆ. ದೂರಶಿಕ್ಷಣದಲ್ಲಿ ರಾಜ್ಯದ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿ ದಾಟಿ ಕಲಿಕಾ ಕೇಂದ್ರ ತೆರೆಯುವಂತಿಲ್ಲ. ಖಾಸಗಿಯವರಿಗೆ ಫ್ರಾಂಚೈಸಿ ಕೊಟ್ಟು ಕೋರ್ಸ್ ನಡೆಸುವಂತೆಯೂ ಇಲ್ಲ. ಇದನ್ನು ಮೀರಿದರೆ ಏನಾಗುತ್ತದೆ ಎಂದು ಇದೇ ಮುಕ್ತ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನೋಡಿದ್ದಾರೆ. ರಾಜ್ಯದ ಹೊರಗಿನ ಕೇಂದ್ರಗಳ ವಿವಾದದಲ್ಲಿ 2015ರಲ್ಲಿ ಯುಜಿಸಿ ಅದರ ಮಾನ್ಯತೆ ತಡೆಯಿತು. 2018ರಲ್ಲಿ ಮತ್ತೆ ಮಾನ್ಯತೆ ಸಿಗುವ ತನಕ ಸೇರಿದ್ದವರು ಪಟ್ಟ ಕಷ್ಟ ಸಣ್ಣದಲ್ಲ. ತಪ್ಪು ಯಾರದ್ದೇ ಇರಲಿ, ಪೆಟ್ಟು ಬಿದ್ದದ್ದು ಶುಲ್ಕ ಕಟ್ಟಿ ಓದಿದವರಿಗೆ.

ಆದ್ದರಿಂದ ಉಪ್ಪಳದ ಯಾವುದೋ ಮಾಳಿಗೆಯಲ್ಲಿ "ಕರ್ನಾಟಕದ ವಿಶ್ವವಿದ್ಯಾಲಯದ ಸರ್ಟಿಫಿಕೇಟ್, ಇಲ್ಲೇ ಪರೀಕ್ಷೆ" ಅಂತ ಫಲಕ ಕಂಡರೆ ಹಣ ಕಟ್ಟುವ ಮುಂಚೆ ನಿಲ್ಲಿ. ಆ ವಿಶ್ವವಿದ್ಯಾಲಯದ ಕಚೇರಿಗೆ ನೀವೇ ಫೋನ್ ಮಾಡಿ ಕೇಳಿ. ಗಡಿಯಾಚೆಯ ಮುಕ್ತ ವಿಶ್ವವಿದ್ಯಾಲಯಕ್ಕೆ ನೇರವಾಗಿ ಸೇರುವುದಾದರೆ ಸಂಪರ್ಕ ತರಗತಿಗೂ ಪರೀಕ್ಷೆಗೂ ತಲಪಾಡಿ ಗಡಿ ದಾಟಲು ಸಿದ್ಧರಿರಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಆ ಗಡಿ ಮುಚ್ಚಿದಾಗ ಆಸ್ಪತ್ರೆಗೆ ಹೋಗುವುದಕ್ಕೂ ದಾರಿ ಇರಲಿಲ್ಲ ಎಂಬುದು ನಮ್ಮವರಿಗೆ ಮರೆತಿಲ್ಲ. ಪೂರ್ತಿ ಆನ್‌ಲೈನ್ ಆದ, ಯುಜಿಸಿ ಒಪ್ಪಿದ ಕೋರ್ಸ್‌ಗಳಿಗೆ ಮಾತ್ರ ಈ ರಾಜ್ಯದ ಗಡಿ ಅನ್ವಯಿಸುವುದಿಲ್ಲ. ಮುಂದಿನ ದಿನಗಳಲ್ಲಿ ಗಡಿನಾಡಿನವರಿಗೆ ಹೆಚ್ಚು ಉಪಯೋಗವಾಗುವುದು ಅದೇ ಅಂತ ನನಗನಿಸುತ್ತದೆ.

ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಕನ್ನಡ ಮಕ್ಕಳಿಗೆ ಕರ್ನಾಟಕ ಸರ್ಕಾರ 'ಗಡಿನಾಡ ಕನ್ನಡಿಗರು' ಎಂದು ಅವಕಾಶ ಕೊಟ್ಟಿದೆ. ಕನ್ನಡ ಭಾಷಾ ಪರೀಕ್ಷೆ ಪಾಸಾದರೆ ವೃತ್ತಿಪರ ಕೋರ್ಸ್‌ಗಳ ಸೀಟಿಗೆ ಅವರೂ ಅರ್ಹರು. ಹದಿನೆಂಟರ ಹುಡುಗನನ್ನು ನೆನಪಿಟ್ಟುಕೊಂಡ ಸರ್ಕಾರ ಅವನ ಅಮ್ಮನನ್ನೂ ನೆನಪಿಟ್ಟುಕೊಳ್ಳಬೇಕಲ್ಲವೇ? ಗಡಿಯಾಚೆಯ ಕನ್ನಡಿಗರು ಸರ್ಟಿಫಿಕೇಟ್ ಓದಿದರೆ ಶುಲ್ಕದಲ್ಲಿ ರಿಯಾಯಿತಿ ಕೊಡುವ ಕೆಲಸಕ್ಕೆ ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕೈಹಾಕಿದರೆ ಅದರ ಹೆಸರಿಗೆ ತಕ್ಕ ಕೆಲಸವಾಗುತ್ತದೆ.

ಭಾಷೆಯ ವಿಷಯಕ್ಕೆ ಬರೋಣ

ಕೇರಳದ ಒಳಗೇ ನೋಡಿದರೆ 2020ರ ಅಕ್ಟೋಬರ್ 2ರಂದು ಕೊಲ್ಲಂನಲ್ಲಿ ಶ್ರೀ ನಾರಾಯಣ ಗುರು ಮುಕ್ತ ವಿಶ್ವವಿದ್ಯಾಲಯ ಶುರುವಾಯಿತು. ಜಾತಿಯ ಗೋಡೆ ಒಡೆದು ವಿದ್ಯೆ ಎಲ್ಲರಿಗೂ ಅಂದ ಗುರುವಿನ ಹೆಸರು ಅದಕ್ಕೆ. ಮೊದಲ ಸುತ್ತಿನಲ್ಲಿ ಅದು ಕೊಟ್ಟ ಭಾಷಾ ಪದವಿಗಳು ಮಲಯಾಳಂ, ಇಂಗ್ಲಿಷ್, ಹಿಂದಿ, ಅರೇಬಿಕ್, ಸಂಸ್ಕೃತದಲ್ಲಿ ಇದ್ದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ರಾಜ್ಯದ ಒಂದು ಜಿಲ್ಲೆಯ ಎರಡು ತಾಲೂಕುಗಳಲ್ಲಿ ಶಾಲೆಯಿಂದ ಹಿಡಿದು ದೇವಸ್ಥಾನದ ಫಲಕದ ತನಕ ಕನ್ನಡ ಇರುವಾಗ, ಅದೇ ರಾಜ್ಯದ ಮುಕ್ತ ವಿಶ್ವವಿದ್ಯಾಲಯ ಅದನ್ನು ಬಿಟ್ಟು ಶುರುವಾದದ್ದು ನೋವಿನ ಸಂಗತಿ.

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತನಕ ಓದಿ ಬಿಟ್ಟವರಿಗೆ ಮಲಯಾಳಂ ಮಾತು ಬರುತ್ತದೆ. ಪೇಟೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಮಲಯಾಳಂ ಪಠ್ಯ ಓದಿ ಮಲಯಾಳಂನಲ್ಲಿ ಉತ್ತರ ಬರೆಯಲು ಆಗುವುದಿಲ್ಲ. ಇಂಗ್ಲಿಷ್‌ನಲ್ಲಿ ಬರೆಯುವುದೂ ಕಷ್ಟ. ವಿಷಯ ಗೊತ್ತಿದ್ದೂ ಪರೀಕ್ಷೆಯಲ್ಲಿ ಸೋಲುತ್ತಾರೆ. ಅಂಗನವಾಡಿ ಸಹಾಯಕಿಗೆ ಪೌಷ್ಟಿಕ ಆಹಾರದ ಬಗ್ಗೆ ಎಷ್ಟೋ ವರ್ಷದ ಅನುಭವ ಇದೆ. ಇಗ್ನೊದ ಆಹಾರ ಮತ್ತು ಪೋಷಣೆ ಸರ್ಟಿಫಿಕೇಟ್‌ಗೆ 18 ವರ್ಷ ತುಂಬಿದ್ದರೆ ಸಾಕು, ಶಾಲೆಯ ಅರ್ಹತೆಯೂ ಬೇಡ. ಅಷ್ಟು ದೊಡ್ಡದಾಗಿ ಬಾಗಿಲು ತೆರೆದಿಟ್ಟ ಕೋರ್ಸ್ ಕೂಡ, ಅವಳಿಗೆ ಗೊತ್ತಿರುವ ಭಾಷೆಯಲ್ಲಿ ಪುಸ್ತಕ ಕೈಗೆ ಸಿಗದಿದ್ದರೆ ದೂರವೇ ಉಳಿಯುತ್ತದೆ. ಸೇರುವ ಮುಂಚೆ ಪಠ್ಯ ಯಾವ ಭಾಷೆಯಲ್ಲಿದೆ, ಉತ್ತರ ಯಾವ ಭಾಷೆಯಲ್ಲಿ ಬರೆಯಬಹುದು ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಎರಡಕ್ಕೂ ಉತ್ತರ ಒಂದೇ ಇರಬೇಕೆಂದಿಲ್ಲ.

2023ರ ಏಪ್ರಿಲ್‌ನಲ್ಲಿ ಯುಜಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಬರೆದ ಪತ್ರದಲ್ಲಿ, ಪಾಠ ಇಂಗ್ಲಿಷ್‌ನಲ್ಲಿದ್ದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ಕೇಳಿಕೊಂಡಿತು. ಕಾಸರಗೋಡಿನ ಮಟ್ಟಿಗೆ ಸ್ಥಳೀಯ ಭಾಷೆಗಳಲ್ಲಿ ಕನ್ನಡವೂ ಒಂದು ಎಂಬುದರಲ್ಲಿ ಯಾರಿಗೂ ಅನುಮಾನ ಇರಬಾರದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ವಿಲೇಜ್ ಆಫೀಸಿಗೆ ಕನ್ನಡದಲ್ಲಿ ಅರ್ಜಿ ಕೊಡಬಹುದಾದ ಒಬ್ಬರು ತನ್ನ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಯಾಕೆ ಆಗಬಾರದು?

ಉತ್ತರ ಪತ್ರಿಕೆ ನೋಡುವವರು ಯಾರು ಎಂಬ ತಕರಾರು ಬರುತ್ತದೆ. ಬೇರೆ ಜಿಲ್ಲೆಯಲ್ಲಾದರೆ ಅದು ನಿಜವಾದ ತೊಂದರೆ. ನಮ್ಮಲ್ಲಿ ಅಲ್ಲ. 1957ರಿಂದ ಇರುವ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗ ಇದೆ. ವಿದ್ಯಾನಗರದ ಚಾಲದಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಭಾರತೀಯ ಭಾಷಾ ಅಧ್ಯಯನಾಂಗಣದಲ್ಲಿ ಕನ್ನಡ ವಿಭಾಗ ಇದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕನ್ನಡ ವಿಭಾಗ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರ್ಕಾರಿ ಕಾಲೇಜು 1980ರಿಂದ ನಡೆಯುತ್ತಿದೆ. ಒಂದೇ ಜಿಲ್ಲೆಯಲ್ಲಿ ಇಷ್ಟು ಕಡೆ ಕನ್ನಡ ಬಲ್ಲ ಪ್ರಾಧ್ಯಾಪಕರು ಇದ್ದಾರೆ, ತರಗತಿ ಕೋಣೆಗಳು ಇವೆ, ಶನಿವಾರ ಮಧ್ಯಾಹ್ನದ ಮೇಲೆ ಅವು ಖಾಲಿಯೂ ಇರುತ್ತವೆ. ಇಲ್ಲೆಲ್ಲ ಮುಖ್ಯವಾಗಿ ನಡೆಯುವುದು ಹಗಲಿನ ಪೂರ್ಣಾವಧಿ ತರಗತಿಗಳು. ದುಡಿಯುವವರ ಕಡೆಗೆ ಸ್ವಲ್ಪ ತಿರುಗಿದರೆ ಸಾಕು.

ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ, ಹೊಸ ವಿಭಾಗವನ್ನೂ ಅಲ್ಲ. ಲೆಕ್ಕಪತ್ರ, ಭಾಷಾಂತರ, ಗ್ರಂಥಾಲಯ, ಆಹಾರ ಸಂಸ್ಕರಣೆ, ಮಕ್ಕಳ ಆರೈಕೆ, ಯಕ್ಷಗಾನ ಹೀಗೆ ಈ ಊರಿನ ಜನರಿಗೆ ಕೆಲಸಕ್ಕೆ ಬರುವ ನಾಲ್ಕೈದು ಸರ್ಟಿಫಿಕೇಟ್‌ಗಳನ್ನು ವಾರಾಂತ್ಯದಲ್ಲಿ ಕೊಡಲಿ. ಪ್ರಕಟಣೆ ಕನ್ನಡದಲ್ಲೂ ಬರಲಿ, ಉತ್ತರ ಕನ್ನಡದಲ್ಲೂ ಬರೆಯಲಿ. ಟಿಸಿ ಬದಲು ಒಂದು ಸ್ವಯಂ ಘೋಷಣೆ ಸಾಕು ಎನ್ನಲಿ. ಮುಗಿಸಲು ಎರಡು ವರ್ಷ ಕೊಡಲಿ. ಇವೆಲ್ಲ ಅಕಾಡೆಮಿಕ್ ಕೌನ್ಸಿಲ್ ಮಟ್ಟದಲ್ಲಿ ಮನಸ್ಸು ಮಾಡಿದರೆ ಆಗುವ ಕೆಲಸಗಳು.

ಜನ ಬರುತ್ತಾರೆಯೇ ಎಂಬ ಅನುಮಾನ ವಿಶ್ವವಿದ್ಯಾಲಯಗಳಿಗೆ ಇರಬಹುದು. ಅದಕ್ಕೆ ಪಂಚಾಯತ್‌ಗಳು ಕೈಜೋಡಿಸಬೇಕು. ಸಾಕ್ಷರತಾ ಪ್ರೇರಕರ ಹತ್ತಿರ ಹತ್ತನೇ ತುಲ್ಯತೆ ಪಾಸಾದವರ ಪಟ್ಟಿ ಇದೆ. 1998ರಿಂದ ಮನೆಮನೆಗೆ ಮುಟ್ಟಿರುವ ಕುಟುಂಬಶ್ರೀಯ ಮಹಿಳಾ ಘಟಕಗಳಿಗೆ ಓದುವ ಆಸೆ ಇರುವ ಹೆಂಗಸರು ಯಾರು ಎಂದು ಗೊತ್ತಿದೆ. ಎಣ್ಮಕಜೆ, ಮೀಂಜ, ವರ್ಕಾಡಿ, ಕುಂಬಳೆಯಂಥ ಪಂಚಾಯತ್‌ಗಳು ತಮ್ಮಲ್ಲಿ ಯಾರಿಗೆ ಯಾವ ಕೋರ್ಸ್ ಬೇಕು, ಯಾವ ಭಾಷೆಯಲ್ಲಿ ಬೇಕು ಎಂದು ಕೇಳಿ ಬರೆದುಕೊಂಡು, ಆ ಪಟ್ಟಿಯನ್ನು ಮುಂದಿನ ಪ್ರವೇಶದ ಮುಂಚೆ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಅವರಿಗೆ ಕಳಿಸಲಿ.